ಹತ್ತು ಹುಳಕ್ಕೆ ಹಾಕಿ ನೋಡಿದ ಸೊಪ್ಪು

ಹೋದ ಭಾನುವಾರ ನನ್ನ ಮೊಮ್ಮಗನ ಮುಡಿ ತೆಗೆಸಿದೆವು. ಬೋಳು ತಲೆಗೆ ಗಂಧ ಹಚ್ಚಿ ಮಗುವನ್ನ ನನ್ನ ಕೈಗೆ ಕೊಟ್ಟರು. ಮುತ್ತು ಕೊಡೋಣ ಅಂತ ಬಗ್ಗಿದೆ. ತಣ್ಣಗಿನ ಗಂಧ, ಅದರ ಅಡಿಯಲ್ಲಿ ಎಳೇ ತಲೆಯ ಹಾಲು ಹಾಲು ವಾಸನೆ... ಅಷ್ಟೇ ನೋಡಿ. ಶ್ರೀನಿವಾಸಪುರದ ಬೀಗರು ಪಕ್ಕದಲ್ಲೇ ನಿಂತು ಏನೋ ಕೇಳ್ತಾ ಇದ್ದರು, ನನ್ನ ಕಿವಿಗೆ ಬೀಳಲೇ ಇಲ್ಲ.

ಆ ಮಗುವಿನ ವಿಷಯ ಬರೆಯೋಕೆ ಕೂತರೆ ಈ ಪುಸ್ತಕ ಪೂರ್ತಿ ಸಾಲದು. ತಲೆ ಬೋಳಿಸುವಾಗ ಅಳಲಿಲ್ಲ. ಆಚಾರಿ ಕಿವಿಗೆ ಚಿನ್ನದ ತಂತಿ ಚುಚ್ಚಿದಾಗ ಒಂದೇ ಸಲ ಕಿರುಚಿ, ಆಚಾರಿಯ ಕನ್ನಡಕ ಕಿತ್ತು ಬಿಸಾಕಿದ. ನಮ್ಮ ಕಡೆ ಈ ಶಾಸ್ತ್ರಕ್ಕೆ ಮಗು ಸೋದರಮಾವನ ತೊಡೆ ಮೇಲೇ ಕೂರಬೇಕು. ತಾಯಿಯ ಒಡಹುಟ್ಟಿದವನ ತೊಡೆ. ಅಪ್ಪ ಕೂರೋ ಹಾಗಿಲ್ಲ, ತಾತನೂ ಕೂರೋ ಹಾಗಿಲ್ಲ. ನನ್ನ ಮಗ ಹೊಸ ಪಂಚೆ ಉಟ್ಟು ದೊಡ್ಡ ಮನುಷ್ಯನ ಹಾಗೆ ಕೂತಿದ್ದ. ತಂಗಿಯ ಮಗು ಆ ಹೊಸ ಪಂಚೆ ತೋಯಿಸಿಬಿಟ್ಟಿತು. ಎಲ್ಲರೂ ನಕ್ಕರು, ನನ್ನಷ್ಟು ಯಾರೂ ನಗಲಿಲ್ಲ. ಎಪ್ಪತ್ತರ ಹತ್ತಿರ ಬಂದ ಮೇಲೆ ದೇವರು ಇಂಥಾ ಒಂದು ದಿನ ಕೊಟ್ಟನಲ್ಲ ಅಂತ ಎದೆ ತುಂಬಿ ನಿಂತಿದ್ದೆ. ಆಮೇಲೆ ಆ ವಾಸನೆ ಬಂತು, ಅದರ ಹಿಂದೇನೇ ಅಕ್ಕ ಬಂದಳು.

ಅಕ್ಕ ನನಗೆ ಒಡಹುಟ್ಟಿದವಳಲ್ಲ. ಸುಗಟೂರಿಗೆ ಹತ್ತಿರದ ನಮ್ಮೂರಲ್ಲಿ ಅವರ ಮನೆಗೂ ನಮ್ಮನೆಗೂ ಒಂದೇ ಗೋಡೆ. ಅವಳ ತಮ್ಮ ನನ್ನ ಓರಗೆಯವನು. ನಾಲ್ಕನೇ ಕ್ಲಾಸಿಗೆ ಇಬ್ಬರೂ ಒಟ್ಟಿಗೇ ಸ್ಕೂಲು ಬಿಟ್ಟು ಎಮ್ಮೆ ಹಿಂದೆ ಹೋದವರು. ನನ್ನನ್ನೂ ಅವಳು ತಮ್ಮ ಅಂತಲೇ ಕರೀತಿದ್ದಳು. ಮುದ್ದೆಗೆ ಕೈ ಹಾಕಿದರೆ ಇಬ್ಬರ ತಟ್ಟೆಗೂ ಒಂದೇ ಅಳತೆ.

ನಮ್ಮೂರಿಗೆ ಎರಡು ಬೀದಿ, ಮೇಲಿನ ಬೀದಿ ಮತ್ತು ಕೆಳಗಿನ ಬೀದಿ. ನಾವು ಮೇಲಿನವರು. ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಶುರುವಾದ ಜಗಳ ಕೆರೆ ನೀರಿಗೆ ಬಂತು, ಅಲ್ಲಿಂದ ಮನೆ ಮನೆಗೂ ಬಂತು. ಮೂರು ವರ್ಷ ನಡೀತು. ಹೊರಗಿನವರು ಪಾರ್ಟಿ ಜಗಳ ಅಂತಾರೆ. ಒಳಗಿದ್ದವರಿಗೆ ಅದು ಯುದ್ಧ. ಒಂದೇ ಕುಲ, ಒಂದೇ ದೇವರು, ಹೆಣ್ಣು ಕೊಟ್ಟು ತಂದವರು, ಆದರೂ ಒಬ್ಬರ ಬಾವಿ ನೀರು ಇನ್ನೊಬ್ಬರು ಮುಟ್ಟಲಿಲ್ಲ. ಬೆಂಕಿ ಕಡ್ಡಿ, ಉಪ್ಪು, ಮೊಸರಿಗೆ ಹೆಪ್ಪು ಎಲ್ಲ ಬಂದ್. ಹುಲ್ಲಿನ ಬಣವೆ ಸುಟ್ಟರು, ನಾವೂ ಸುಟ್ಟೆವು. ಹಿಪ್ಪುನೇರಳೆ ತೋಟಕ್ಕೆ ಔಷಧಿ ಹೊಡೆದರು. ಆ ಸೊಪ್ಪು ತಿಂದ ರೇಷ್ಮೆ ಹುಳ ತಲೆ ಎತ್ತಿ ಒದ್ದಾಡಿ, ಹಸಿರು ಕಕ್ಕಿ ತಟ್ಟೆ ತಟ್ಟೇನೇ ಸತ್ತವು. ಮಾರನೇ ವಾರ ನಾವು ಅವರ ತೋಟಕ್ಕೆ ಹೊಡೆದೆವು.

ಆಮೇಲೆ ಮನುಷ್ಯರು ಸತ್ತರು.

ಬೆಳಗ್ಗೆ ಹೊತ್ತು. ಅಕ್ಕನ ತಮ್ಮ, ನಾನು ಇಬ್ಬರೇ ಕೆರೆ ಕಟ್ಟೆ ಮೇಲೆ ತೂಬಿನ ಹತ್ತಿರ ಇದ್ದೆವು. ಕೆಳಗಿನ ಬೀದಿಯವರು ನಾಲ್ಕು ಜನ ಬಂದರು. ನಾಲ್ವರ ಮುಖವೂ ನನಗೆ ಗೊತ್ತು. ಮೊದಲನೇ ಏಟಿಗೇ ಅವನು ಬಿದ್ದ. ಲೇ, ಲೇ ಅಂತ ಎರಡು ಸಲ ನನ್ನ ಕರೆದ... ನಾನು ಓಡಿದೆ. ಕಟ್ಟೆ ಇಳಿದು ರಾಗಿ ಹೊಲದೊಳಗೆ ಬಿದ್ದು ಓಡಿದೆ.

ಠಾಣೆಯಲ್ಲಿ ಹೇಳಿಕೆ ಬರೆಸೋಕೆ ಕೂತಾಗ ನಮ್ಮ ಬೀದಿಯ ಹಿರಿಯರು ನಾಲ್ಕು ಹೆಸರು ಸಾಲದು ಅಂದರು. ಹನ್ನೊಂದು ಕೊಡು, ಅವರ ಬೀದಿ ಸೊಂಟ ಮುರೀಬೇಕು ಅಂದರು. ನಾನು ಕೊಟ್ಟೆ. ಓಡಿ ಬಂದವನಿಗೆ ಹೆಸರು ಕೊಡೋದಾದರೂ ಒಂದು ಗಂಡಸ್ತನ ಅನ್ನಿಸಿತ್ತು. ಆ ಹನ್ನೊಂದರಲ್ಲಿ ಎಂಟನೆಯದು ಒಬ್ಬ ಹುಡುಗನ ಹೆಸರು, ಇಲ್ಲಿ ಆಯಪ್ಪ ಅಂತಲೇ ಅಂತೀನಿ. ಇಪ್ಪತ್ತಾರು ವರ್ಷದವನು, ಎಸ್ಸೆಸ್ಸೆಲ್ಸಿ ಓದಿದವನು, ಕೆಳಗಿನ ಬೀದಿಯವರ ಕಾಗದ ಪತ್ರ ಎಲ್ಲ ಬರೀತಿದ್ದವನು. ಆವತ್ತು ಕಟ್ಟೆ ಮೇಲೆ ಅವನಿರಲಿಲ್ಲ. ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದ.

ಕೊನೆಗೆ ಎರಡೂ ಕಡೆ ಸಾಕಾಯಿತು. ಸುತ್ತಲ ಊರುಗಳ ಹಿರಿಯರು ಬಂದು ರಾಜಿ ಮಾಡಿದರು. ಅವರ ಸಾಕ್ಷಿ ಇವರ ಮೇಲೆ ಇಲ್ಲ, ಇವರ ಸಾಕ್ಷಿ ಅವರ ಮೇಲೆ ಇಲ್ಲ. ಕೋರ್ಟಿನಲ್ಲಿ ನಾನೂ ಏನೂ ನೋಡಿಲ್ಲ ಅಂದೆ. ಕೊಂದವರು, ಕೊಲ್ಲದವರು ಎಲ್ಲ ಒಂದೇ ಬಾಗಿಲಿಂದ ಆಚೆ ಬಂದರು. ಯಾರು ಯಾವ ಪೈಕಿ ಅಂತ ನನ್ನ ಬಿಟ್ಟರೆ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ರಾಜಿಯ ದಿನ ಊರೂಟ. ಮೇಲಿನ ಬೀದಿ ಹೆಂಗಸರು ಕೆಳಗಿನ ಬೀದಿಯವರಿಗೆ ಬಡಿಸಬೇಕು, ಅವರು ನಮಗೆ ಬಡಿಸಬೇಕು ಅಂತ ಹಿರಿಯರ ಅಪ್ಪಣೆ. ಅಕ್ಕನ ಕೈಗೆ ಸಾರಿನ ಬಕೆಟ್ಟು ಬಂತು. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಆಯಪ್ಪನ ಎಲೆ ಮುಂದೆ ಬಂದಾಗ ಅವನು ಎದ್ದೇ ನಿಂತುಬಿಟ್ಟ. ನೀನು ಬಡಿಸೋದು ಬೇಡ, ನಾನೇ ಹಾಕ್ಕೊಳ್ತೀನಿ ಅಂದ. 

"ಕೂತ್ಕೋ," ಅಂದಳು ಅಕ್ಕ. "ಜೈಲಲ್ಲಿ ಯಾರ್ ಬಡಿಸ್ತಿದ್ರು, ನಿಮ್ಮಮ್ಮನಾ? ಕೂತ್ಕೊಂಡು ತಿನ್ನು. ನಿನ್ನ ಹೊಟ್ಟೆ ಮೇಲೆ ನಂಗೇನು ಹಠ."

ಅವನು ಕೂತ. ಕಣ್ಣಲ್ಲಿ ನೀರು ಇಳೀತಿತ್ತು. ಸಾರಿಗೆ ಖಾರ ಜಾಸ್ತಿಯಾಯ್ತಾ ಅಂತ ಪಕ್ಕದವನು ಕುಟುಕಿದ. ಎರಡು ಬೀದಿಯವರೂ ಒಟ್ಟಿಗೆ ನಕ್ಕಿದ್ದು ಮೂರು ವರ್ಷದಲ್ಲಿ ಅದೇ ಮೊದಲು.

ಆ ಸಲ ಅಕ್ಕನ ಮನೆಯ ಹುಳ ನಾಲ್ಕನೇ ಜ್ವರ ಎದ್ದಿತ್ತು. ರೇಷ್ಮೆ ಹುಳ ಪೊರೆ ಬಿಡೋಕೆ ಮಲಗೋದಕ್ಕೆ ನಾವು ಜ್ವರ ಅಂತೀವಿ. ನಾಲ್ಕನೇದು ಎದ್ದ ಮೇಲೆ ಅವು ತಿನ್ನೋ ಸದ್ದು ಮಳೆ ಬಂದ ಹಾಗಿರುತ್ತೆ, ಎಷ್ಟು ಸೊಪ್ಪು ಹಾಕಿದರೂ ಸಾಲದು. ಇವರ ತೋಟ ಜಗಳದಲ್ಲಿ ಕಡಿದು ಹಾಕಿದ್ದು ಇನ್ನೂ ಚಿಗುರಿರಲಿಲ್ಲ. ಒಂದು ಬೆಳಗ್ಗೆ ನೋಡಿದರೆ ಬಾಗಿಲ ಮುಂದೆ ಎರಡು ಮಂಕರಿ ಸೊಪ್ಪು. ಕೆಳಗಿನ ಬೀದಿ ತೋಟದ್ದು ಅಂತ ಎಲೆ ನೋಡಿದರೇ ಗೊತ್ತಾಗೋದು. ತಿಪ್ಪೆಗೆ ಹಾಕು ಅಂದಳು ಅವಳ ತಾಯಿ. ಆ ಸೊಪ್ಪು ತಿಂದ ಹುಳ ಯಾವ ಬೀದಿ ಗೂಡು ಕಟ್ತದೇ ಅಂತ ಬಾವಿ ಹತ್ತಿರದ ಹೆಂಗಸರು ಚುಚ್ಚಿದರು. ಅಕ್ಕ ಹತ್ತು ಹುಳ ಎತ್ತಿ ಬೇರೆ ಮೊರಕ್ಕೆ ಬಿಟ್ಟು, ಅವಕ್ಕೆ ಮಾತ್ರ ಆ ಸೊಪ್ಪು ಹಾಕಿದಳು. ಮಧ್ಯಾಹ್ನದವರೆಗೂ ಮೊರದ ಮುಂದೆಯೇ ಕೂತಿದ್ದಳು. ಹತ್ತೂ ತಿಂದವು, ಹತ್ತೂ ಬದುಕಿದವು. ಆಮೇಲೆ ಎದ್ದು ಎಲ್ಲಾ ತಟ್ಟೆಗೂ ಹಾಕಿದಳು.

ಎಂಟು ದಿನ ಹಾಗೇ ಮಂಕರಿ ಬಂತು. ಕೊನೆ ದಿನ ಖಾಲಿ ಮಂಕರಿ ಹೊತ್ತು ಅವಳ ಜೊತೆ ನಾನು ಕೊಡೋಕೆ ಹೋದೆ. ಆಯಪ್ಪ ತೋಟದ ಬದುವಿನ ಮೇಲೆ ನಿಂತಿದ್ದ. ನನ್ನ ಮುಖ ನೋಡಲಿಲ್ಲ.

"ಮೊದ್ಲು ಹತ್ತು ಹುಳಕ್ಕೆ ಹಾಕಿ ನೋಡಿದ್ಯಂತೆ?" ಅಂದ.

"ನೋಡಿದೆ."

"ದಿನಾನೂ?"

"ಇಲ್ಲ," ಅಂದಳು. "ಒಂದೇ ದಿನ."

ಅವರಿಬ್ಬರ ಪ್ರೀತಿ ಅಂತ ನನ್ನ ಕಣ್ಣಾರೆ ಕಂಡಿದ್ದು ಅಷ್ಟೇ. ಗೂಡು ಬಿಡಿಸಿ ಮಾರಿದ ಮೇಲೆ ಒಂದು ದಿನ ಇಬ್ಬರೂ ಇರಲಿಲ್ಲ. ಮುಳಬಾಗಿಲಲ್ಲಿ ಮದುವೆಯಾಗಿ ದೇವರಾಯಸಮುದ್ರದ ಕಡೆ ಗುತ್ತಿಗೆಗೆ ತೋಟ ಹಿಡಿದರು ಅಂತ ಸುದ್ದಿ ಬಂತು. ಆಯಪ್ಪನ ಮನೆಯವರೂ ಬಾಗಿಲು ಮುಚ್ಚಿದರು. ಅಕ್ಕನ ತಾಯಿ ಹಾಡುಹಗಲಲ್ಲಿ ಬೀದಿಗೆ ಬಂದು ತಲೆ ಮೇಲೆ ಕೊಡ ನೀರು ಸುರಿದುಕೊಂಡು, ಮಾಕು ಕೂತುರು ಲೇದು, ನಮಗೆ ಮಗಳಿಲ್ಲ ಅಂದುಬಿಟ್ಟಳು. ಅವರ ಮನೆ ಮಾತು ತೆಲುಗು. ಮಗ ಸತ್ತಾಗ ಅತ್ತವಳು ಆವತ್ತು ಅಳಲಿಲ್ಲ.

ಎರಡು ವರ್ಷ ಬಿಟ್ಟು ಅಕ್ಕ ಕೋಲಾರದ ಗೂಡಿನ ಮಾರ್ಕೆಟ್ಟಿಗೆ ನನ್ನ ಹುಡುಕಿಕೊಂಡು ಬಂದಳು. ಸೊಂಟದ ಮೇಲೆ ಹೆಣ್ಣು ಮಗು. ಮುಡಿ ತೆಗೆಸಿ ಕಿವಿ ಚುಚ್ಚಿಸಬೇಕು, ಕೂರಿಸಿಕೊಳ್ಳೋಕೆ ಸೋದರಮಾವ ಇಲ್ಲ ಅಂದಳು. ತವರಿನ ಕಡೆಯಿಂದ ಒಂದು ತೊಡೆ ಸಿಕ್ಕಿದರೆ ಸಾಕು, ನಾಳೆ ಈ ಮಗುವಿಗೆ ಬೇರು ಇಲ್ಲ ಅಂತ ಯಾರೂ ಅನ್ನಬಾರದು ಅಂದಳು. ನೀನು ಬಂದರೆ ಹೋದ ತಮ್ಮನೇ ಬಂದ ಹಾಗೆ ಅಂದಳು. ಬರ್ತೀನಕ್ಕ ಅಂತ ಮಗುವಿನ ತಲೆ ಮುಟ್ಟಿ ಹೇಳಿದೆ.

ಹೋಗಲಿಲ್ಲ. ನಮ್ಮ ಬೀದಿಯವರು ಬಿಡಲ್ಲ ಅಂತ ಹೆಂಡತಿಗೆ ಹೇಳಿದೆ. ಅದು ಬಾಯಿ ಮಾತು. ಎದುರಿಗೆ ಆಯಪ್ಪ ನಿಂತಿರ್ತಾನೆ, ಸತ್ತವನ ಜಾಗದಲ್ಲಿ ನಾನು ಕೂತಿರ್ತೀನಿ. ಬಿಟ್ಟು ಓಡಿದವನೂ ನಾನೇ, ಸುಳ್ಳು ಹೆಸರು ಕೊಟ್ಟವನೂ ನಾನೇ. ಹೇಗೆ ಕೂರೋದು?

ಮೂರು ದಿನ ಕಳೆದು ಮನಸ್ಸು ತಡೆಯದೆ ಒಂದು ಚಿಪ್ಪು ಬಾಳೆಹಣ್ಣು ತಗೊಂಡು ಹೋದೆ. ಅಕ್ಕ ಬೈತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಆವತ್ತು ಸೂರ್ಯ ನೆತ್ತಿಗೆ ಬರೋ ತನಕ ಕಾದರಂತೆ. ಆಮೇಲೆ ಮಣೆ ಹಾಕಿ, ಅದರ ಮೇಲೆ ತಮ್ಮನ ಹಳೇ ಟವೆಲ್ಲು ಮಡಿಸಿ ಇಟ್ಟು, ಮಗುವನ್ನ ಅದರ ಮೇಲೆ ಕೂರಿಸಿದಳಂತೆ. ಮಗು ಒಂದು ಕಡೆ ಕೂರದೆ ಜಾರ್ತಾ ಇತ್ತಂತೆ. ಟವೆಲ್ಲಿಗೆ ತೊಡೆ ಎಲ್ಲಿಂದ ಬರ್ತದೆ ಹೇಳಿ...

ಮಗುವನ್ನ ತಂದು ನನ್ನ ತೊಡೆ ಮೇಲೆ ಇಟ್ಟಳು. ದೇವರು ಮೂರು ದಿನ ಲೆಕ್ಕ ಇಡಲ್ಲ ಬಿಡು ಅಂದಳು. ಬೋಳು ತಲೆಯಲ್ಲಿ ಗಂಧದ ವಾಸನೆ ಇನ್ನೂ ಇತ್ತು. ಆಯಪ್ಪ ಹೊರಗೆ ಸೊಪ್ಪು ಹೆಚ್ಚುತ್ತಿದ್ದ, ಕತ್ತಿ ಸದ್ದು ಕೇಳ್ತಿತ್ತು. ಅಕ್ಕ ದನಿ ಇಳಿಸಿದಳು.

"ಹನ್ನೊಂದರಲ್ಲಿ ಎಷ್ಟು ನಿಜವೋ ನಿಂಗೊಬ್ಬನಿಗೇ ಗೊತ್ತು ತಮ್ಮ. ನಾನು ಕೇಳಲ್ಲ. ಆವತ್ತು ಕಟ್ಟೆ ಮೇಲೆ ಇವನಿದ್ದ ಅಂದ್ರೆ ಈ ಮನೇಲಿ ನಾನು ಹೆಂಗಿರ್ಲಿ? ಇರ್ಲಿಲ್ಲ ಅಂದ್ರೆ ನಿನ್ನ ಹೆಂಗೆ ತಮ್ಮ ಅನ್ಲಿ?"

ಇರಲಿಲ್ಲ ಅನ್ನೋ ಒಂದೇ ಮಾತು. ಹೇಳಿದ್ದರೆ ಅವಳು ನನ್ನ ಬೀದಿಗೆ ತಳ್ಳುತ್ತಿದ್ದಳೇನೋ, ಆದರೆ ಅವಳ ನಿದ್ದೆ ಅವಳಿಗೆ ಸಿಗ್ತಿತ್ತು. ನಾನು ಮಗುವಿನ ತಲೆ ಸವರುತ್ತಾ ಕೂತೆ. ಕಾಫಿ ಕುಡಿದು ಬಸ್ಸು ಹತ್ತಿದೆ.

ಆಮೇಲೆ ವರ್ಷಕ್ಕೊಂದು ಸಲ, ಎರಡು ವರ್ಷಕ್ಕೊಂದು ಸಲ ಹೋಗ್ತಿದ್ದೆ. ಹೋದಾಗೆಲ್ಲ ಈ ಸಲ ಹೇಳ್ತೀನಿ ಅಂದುಕೊಂಡೇ ಹೋಗ್ತಿದ್ದೆ... ಅಕ್ಕನಿಗೆ ಹೊಟ್ಟೆಯಲ್ಲಿ ಗಂಟಾಗಿದೆ, ಕೋಲಾರದ ಆಸ್ಪತ್ರೆಯಲ್ಲಿದ್ದಾಳೆ ಅಂತ ಸುದ್ದಿ ಬಂದು ನಾನು ಹೊರಡುವ ಹೊತ್ತಿಗೆ ಮುಗಿದುಹೋಗಿತ್ತು. ತಾಯಿ ಬರಲಿಲ್ಲ. ಮೇಲಿನ ಬೀದಿಯಿಂದ ನಾನೊಬ್ಬನೇ.

ಹನ್ನೊಂದನೇ ದಿನ ಎಲ್ಲ ಹೋದ ಮೇಲೆ ಆಯಪ್ಪನ ಮುಂದೆ ಕೂತು ಹೇಳಿದೆ. ಕಟ್ಟೆ ಮೇಲೆ ನಾಲ್ಕೇ ಜನ ಇದ್ದಿದ್ದು, ನಿಮ್ಮ ಹೆಸರು ನಾನು ಸುಳ್ಳೇ ಬರೆಸಿದೆ ಭಾವ ಅಂದೆ. ಅಷ್ಟು ವರ್ಷದಲ್ಲಿ ಅವನನ್ನ ಭಾವ ಅಂದಿದ್ದು ಅದೇ ಮೊದಲು.

"ನಾನಿರ್ಲಿಲ್ಲ ಅಂತ ನಂಗೆ ಗೊತ್ತಿಲ್ವೇನೋ?" ಅಂದ. "ಅವಳಿಗೆ ಹೇಳೋಕೆ ನಂಗೆ ಎಷ್ಟೊತ್ತು? ಹೇಳಿದ್ರೆ ಅವಳಿಗೆ ಉಳಿದಿದ್ದ ಒಬ್ಬ ತಮ್ಮನೂ ಹೋಗ್ತಿದ್ದ. ಅದಕ್ಕೆ ಬಾಯಿ ಬಿಡ್ಲಿಲ್ಲ."

ಅವಳು ಕಡೇವರೆಗೂ ಕೇಳಲಿಲ್ಲವಾ ಅಂದೆ.

"ಕೇಳ್ಲಿಲ್ಲ. ಒಂದೊಂದು ದಿನ ಊಟ ಮಾಡುವಾಗ ನನ್ನ ಕೈನೇ ನೋಡ್ತಾ ಕೂತಿರೋಳು."

 ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ ನನಗೆ ಸುಖವಿತ್ತು. ಅವನು ಎದ್ದು ಹೋಗಿ ಹುಳಕ್ಕೆ ಮೇವು ಹಾಕೋಕೆ ನಿಂತ. ಹೋದ ವರ್ಷ ಆಯಪ್ಪನೂ ತೀರಿಕೊಂಡ.

ಭಾನುವಾರ ಬೀಗರ ಮನೆಯಲ್ಲಿ ಹೋಳಿಗೆ ಊಟ ಆಯಿತು. ಮೊಮ್ಮಗ ನನ್ನ ಎದೆ ಮೇಲೇ ನಿದ್ದೆ ಹೋದ. ಅವನ ಉಸಿರು ನನ್ನ ಕತ್ತಿಗೆ ಬಡೀತಿತ್ತು. ಇಷ್ಟು ಸುಖ ನನಗೆ ಸಲ್ಲುತ್ತದಾ ಅಂತ ಯೋಚನೆ ಬಂತು, ಆದರೂ ಮಗುವನ್ನ ಕೆಳಗಿಳಿಸಲಿಲ್ಲ. ಮನೆಗೆ ಬಂದು ಸೊಸೆಯ ಹತ್ತಿರ ನೋಟ್‌ಬುಕ್ಕು ಇಸಕೊಂಡು ಕೂತೆ. ತಪ್ಪುಗಳನ್ನ ಅವಳೇ ತಿದ್ದಿಕೊಟ್ಟಿದ್ದಾಳೆ. ಇಲ್ಲಿಗೆ ಬಂದಾಗ ಪೆನ್ನು ಇಟ್ಟು ಎದ್ದು ಹೋದಳು.

ಅಕ್ಕನ ಮಗಳು ಈಗ ಮಾಲೂರಿನ ಕಡೆ ಟೀಚರು. ಚಿಕ್ಕವಳಿದ್ದಾಗ ಅವಳನ್ನ ಮಾವನನ್ನ ಕೊಂದವನ ಮಗಳು ಅಂತ ಸ್ಕೂಲಿನಲ್ಲಿ ಹಂಗಿಸುತ್ತಿದ್ದರಂತೆ. ಅವಳೂ ಅಪ್ಪನನ್ನ ಯಾವತ್ತೂ ಕೇಳಿರಲಿಕ್ಕಿಲ್ಲ, ಅಮ್ಮನ ಮಗಳಲ್ಲವಾ. ಕೇಳೋಕೆ ಈಗ ಅವರಿಬ್ಬರೂ ಇಲ್ಲ. ಇದು ಅಚ್ಚಾದರೆ ಮೊದಲ ಪ್ರತಿ ಅವಳಿಗೇ ಕೊಡ್ತೀನಿ. ಓದಿದ ಮೇಲೆ ನನ್ನನ್ನ ಮಾವ ಅನ್ನೋದು ಬಿಡೋದು ಅವಳಿಗೇ ಸೇರಿದ್ದು.

ಆವತ್ತು ಕೆರೆ ಕಟ್ಟೆ ಮೇಲೆ ನಿಮ್ಮಪ್ಪ ಇರಲಿಲ್ಲ ಕಣಮ್ಮ. ನಾನಿದ್ದೆ.