ಓಡಬಾರದವರ ರಾಕೆಟ್

ರಾಕೆಟ್ ಹಾರಿಸುವ ಹವ್ಯಾಸವೆಂದರೆ ಆಕಾಶ ನೋಡುವುದು ಎಂದು ಎಲ್ಲರೂ ತಿಳಿದಿದ್ದಾರೆ. ಅಲ್ಲ, ಅದು ಓಡುವ ಹವ್ಯಾಸ. ಬಟನ್ ಒತ್ತಿದರೆ ರಾಕೆಟ್ ಮೇಲೇರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಆಮೇಲೆ ಪ್ಯಾರಾಚೂಟ್ ಬಿಚ್ಚಿಕೊಂಡು ಗಾಳಿ ತಳ್ಳಿದ ಕಡೆ ಹೋಗುತ್ತದೆ. ಅದರ ಹಿಂದೆ ಗದ್ದೆಯ ಬದುಗಳ ಮೇಲೆ ಎದ್ದುಬಿದ್ದು ಓಡಬೇಕು. ನನ್ನ ಯಜಮಾನರು ವರ್ಷಗಟ್ಟಲೆ ಹಾಗೆ ಓಡಿದವರು. ಮಳೆಗಾಲದ ಕೊನೆಗೆ ಅವರ ಎದೆಯ ಆಪರೇಷನ್ ಆಯಿತು. ನಡೆಯಿರಿ, ಆದರೆ ಓಡಲೇಬಾರದು ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ಅವರು ಬೇರೆಯೇ ಮನುಷ್ಯ. ಮೊದಲು ಸಾರಿಗೆ ಉಪ್ಪು ಚೂರು ಕಡಿಮೆಯಾದರೂ ಮನೆಯನ್ನು ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದವರು, ಈಗ ಉಪ್ಪಿಲ್ಲದ ಸಾರು ಬಡಿಸಿದರೂ 'ಆಯ್ತು' ಎನ್ನುತ್ತಿದ್ದರು. ಮಲಗಿ ಎಂದರೆ ಆಯ್ತು, ಏಳಿ ಎಂದರೆ ಆಯ್ತು. ಒಳ್ಳೆಯದೇ ಆಯಿತೆಂದು ಮೊದಮೊದಲು ನಾನೂ ಅಂದುಕೊಂಡೆ.

ನಮ್ಮ ನಿಟ್ಟುವಳ್ಳಿಯ ಬೀದಿಯಲ್ಲೇ ಅವರ ರಾಕೆಟ್ ಜೊತೆಗಾರನ ಮನೆ. ಪೇಟೆಯಲ್ಲಿ ಅವನದು ಬಟ್ಟೆ ಅಂಗಡಿ. ಬಟ್ಟೆ ಸುತ್ತಿಟ್ಟ ಥಾನುಗಳ ಒಳಗಿನ ರಟ್ಟಿನ ಕೊಳವೆಗಳೇ ಇವರ ರಾಕೆಟ್ಟಿನ ಮೈ. ಒಂದು ಭಾನುವಾರ ಬೆಳಿಗ್ಗೆ ಅವನು ವ್ಯಾನ್ ತಂದು ನಿಲ್ಲಿಸಿದ. ನನ್ನನ್ನು ಯಾರೂ ಕರೆಯಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ನಾನೇ ಹತ್ತಿ ಕೂತೆ.

ಕೊಂಡಜ್ಜಿ ಕೆರೆಯ ಈಚೆ ಬದಿಗೆ ಕೊಯ್ಲಾದ ಗದ್ದೆ. ಕೂಳೆಗೆ ಕಿಡಿ ಹತ್ತಬಾರದೆಂದು ಗೆಳೆಯ ರಾಕೆಟ್ ನಿಲ್ಲಿಸಿದ ಸ್ಟ್ಯಾಂಡಿನ ಸುತ್ತ ನೀರು ಚಿಮುಕಿಸಿದ. ಕೆರೆ ಕಡೆಯಿಂದ ಗಾಳಿ ಬೀಸುತ್ತಲೇ ಇತ್ತು, ಅದು ತಗ್ಗುವವರೆಗೆ ಕಾಯಬೇಕು. ನಾನು ಕೂತೆ, ಎದ್ದೆ, ಫ್ಲಾಸ್ಕಿನ ಚಹಾ ಬಗ್ಗಿಸಿ ಕುಡಿಯದೆ ಚೆಲ್ಲಿದೆ. ನನ್ನ ಕಣ್ಣೆಲ್ಲ ಇವರ ಕಾಲಿನ ಮೇಲೆ. ಚಪ್ಪಲಿ ಹಾಕಿಕೊಳ್ಳಿ ಎಂದಿದ್ದೆ, ಹಾಗೇ ಹಾಕಿಕೊಂಡಿದ್ದರು. ಆದರೂ ನಂಬಿಕೆ ಇಲ್ಲ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿದರೆ? ಎದೆ ಹಿಡಿದುಕೊಂಡು ಬದುವಿನ ಮೇಲೆ ಕುಸಿದರೆ? ಆಸ್ಪತ್ರೆ ಎಷ್ಟು ದೂರ, ವ್ಯಾನಿನ ಕೀಲಿ ಯಾರ ಜೇಬಿನಲ್ಲಿದೆ, ಎಲ್ಲ ಲೆಕ್ಕ ಹಾಕಿಕೊಂಡೆ.

ಕೊನೆಗೆ ಗಾಳಿ ತಗ್ಗಿತು. ಗೆಳೆಯ ಮೂರು, ಎರಡು, ಒಂದು ಎಂದು ಎಣಿಸಿದ. ಬುಸ್ ಎಂದು ರಾಕೆಟ್ ಹಾರಿತು. ಅವರಿಬ್ಬರ ಮುಖ ಆಕಾಶಕ್ಕೆ, ನನ್ನ ಮುಖ ಆ ಚಪ್ಪಲಿಗಳಿಗೆ.

ಚಪ್ಪಲಿಗಳು ಅಲುಗಲಿಲ್ಲ. ಹಳೇ ಛತ್ರಿಯ ಕೆಂಪು ಬಟ್ಟೆಯ ಪ್ಯಾರಾಚೂಟ್ ಎರಡು ಗದ್ದೆ ದಾಟಿ ಹೋಗುತ್ತಿತ್ತು. ಇವರು ನಾನು ತಂದ ಕುರ್ಚಿಯಲ್ಲಿ ಮೊಣಕಾಲ ಮೇಲೆ ಕೈಯಿಟ್ಟು ಕೂತೇ ಇದ್ದರು. "ಹೋದ್ರೆ ಹೋಗ್ಲಿ ಬಿಡು" ಎಂದರು.

ನನಗೆ ಭಯವಾಯಿತು. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಂತಾಗಲೂ ಅಷ್ಟು ಭಯವಾಗಿರಲಿಲ್ಲ. ಓಡುತ್ತಾರೆಂದು ಕಾವಲಿಗೆ ಬಂದವಳಿಗೆ ಅವರು ಓಡಲು ಹೊರಡದಿದ್ದುದನ್ನು ನೋಡಲಾಗಲಿಲ್ಲ.

ಗೆಳೆಯ ಸ್ಟ್ಯಾಂಡಿನ ಬುಡದಲ್ಲಿ ಹೊಗೆಯಾಡುತ್ತಿದ್ದ ಕೂಳೆಗೆ ನೀರು ಹಾಕುತ್ತಿದ್ದ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಮೂರನೇ ಗದ್ದೆಯ ಬದುವಿನ ಮೇಲೇ ರಾಕೆಟ್ ಬಿದ್ದಿತ್ತು. ಕೆಂಪು ಬಟ್ಟೆ ಹರಡಿಕೊಂಡಿತ್ತು, ಕುರುಡರಿಗೂ ಕಾಣುವಂತೆ. ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ನಿಂತೆ. ಅದನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ವಾಪಸ್ ಬಂದೆ.

"ಎಲ್ಲೂ ಸಿಗ್ಲಿಲ್ಲ. ನೀವೇ ನಡಕಂತ ಬರ್ರಿ," ಎಂದೆ.

ಅವರು ಮೊಣಕಾಲಿಗೆ ಕೈಯೂರಿ ಎದ್ದರು. ನಿಧಾನವಾಗಿ ಹೊರಟೆವು. ಎರಡನೇ ಗದ್ದೆ ದಾಟುವಾಗ ಅವರ ಹೆಜ್ಜೆ ಚುರುಕಾಯಿತು. ನಾನು ತೋಳು ಹಿಡಿದುಕೊಂಡೆ. ಬದುವಿನ ಹತ್ತಿರ ಬಂದು ಕೆಂಪು ಬಟ್ಟೆ ನೋಡಿದವರು ನನ್ನ ಕಡೆ ತಿರುಗಿದರು.

"ಕಣ್ಣಿಗೆ ರಾಚೋ ಹಂಗೆ ಬಿದ್ದೈತೆ. ಇಷ್ಟು ದೂರ ಬಂದು ಏನ್ ನೋಡಿದೆ ನೀನು?"

ಆಪರೇಷನ್ ಆದ ಮೇಲೆ ಅವರು ನನ್ನನ್ನು ಬೈದದ್ದು ಅದೇ ಮೊದಲು. ವಾಪಸ್ ಬರುವಾಗ ದಾರಿಯುದ್ದಕ್ಕೂ ಬೈದರು. ರಾಕೆಟ್ ಇಳಿಯುವಾಗ ಅದರ ನೇರಕ್ಕೆ ಒಂದು ಮರ ಗುರುತಿಟ್ಟುಕೊಳ್ಳಬೇಕಂತೆ, ಅಷ್ಟೂ ಬುದ್ಧಿ ಬ್ಯಾಡವೇ ಅಂತೆ. ವ್ಯಾನ್ ಹತ್ತುವಾಗಲೂ ಬೈಯುತ್ತಲೇ ಇದ್ದರು. ಎಲ್ಲದಕ್ಕೂ ನಾನು ಆಯ್ತು, ಆಯ್ತು ಎನ್ನುತ್ತಾ ಪಕ್ಕದಲ್ಲಿ ಕೂತೆ.