ನೀಲವ್ವನ ನಗು ಮತ್ತು ನನ್ನ ಲೈಸೆನ್ಸ್

ಮಧ್ಯಾಹ್ನ ಗಿರಾಕಿಗಳೆಲ್ಲ ಊಟಕ್ಕೆ ಹೋದ ಮೇಲೆ ನನ್ನ ಕಂಪ್ಯೂಟರಿನೊಳಗಿನ ಜನರ ಬಗ್ಗೆ ಯೋಚಿಸುತ್ತ ಕೂಡುವುದು ನನ್ನದೊಂದು ಚಟ. ಬೈಲಹೊಂಗಲದಲ್ಲಿ ನನ್ನದು ಬ್ಯಾನರ್ ಮುದ್ರಿಸುವ ಅಂಗಡಿ. ಅಂತರ್ಜಾಲದಲ್ಲಿ ಫೋಟೊಗಳ ದೊಡ್ಡ ದೊಡ್ಡ ಉಗ್ರಾಣಗಳಿವೆ. ಸ್ಟಾಕ್ ಫೋಟೊ ಅನ್ನುತ್ತಾರೆ. ಯಾರಯಾರದೋ ಮುಖಗಳು ಅಲ್ಲಿ ಯಾರಿಗಾಗಿಯೋ ಕಾಯುತ್ತಿರುತ್ತವೆ. ಈ ಬೆಳ್ಳನೆಯ ಡಾಕ್ಟರು ಆ ದಿನ ಏನು ತಿಂದು ಕ್ಯಾಮೆರಾದ ಮುಂದೆ ನಿಂತಿದ್ದಾನು? ಮುಂದೆ ತಾನು ಸವದತ್ತಿಯ ಬಸ್ ಸ್ಟ್ಯಾಂಡಿನೆದುರು ವರ್ಷಗಟ್ಟಲೆ ಬಿಸಿಲಿಗೆ ನಿಲ್ಲುತ್ತೇನೆಂದು ಅವನಿಗೆ ಕನಸಾದರೂ ಬಿದ್ದೀತೆ? ರಾಮದುರ್ಗದಲ್ಲಿ ಅವನಿಗೆ ಮೀಸೆಯೂ ಇದೆ. ಬರೆದವನು ನಾನೇ. ಬರೆದ ಮೇಲೆ ನಮ್ಮ ಕಡೆಯವನಂತೆಯೇ ಕಂಡ.

ಇವರನ್ನೆಲ್ಲ ನಾನು ಬಹುಕಾಲ ಯಾರನ್ನೂ ಕೇಳದೆ ಕರೆತರುತ್ತಿದ್ದೆ. ಮಾಲೀಕರು ಫೋಟೊದ ಮೇಲೆ ಅಡ್ಡಲಾಗಿ ತಮ್ಮ ಹೆಸರು ಬರೆದಿಟ್ಟಿದ್ದರೆ ಅದರ ಮೇಲೊಂದು ಚೆಂಡುಹೂವಿನ ಮಾಲೆ ಎಳೆದರಾಯಿತು. ನಮ್ಮ ತಾಲೂಕಿನ ಬ್ಯಾನರುಗಳಲ್ಲಿ ಅಷ್ಟೊಂದು ಹೂಮಾಲೆ ಯಾಕೆಂದು ನೀವು ಎಂದಾದರೂ ಬೆರಗಾಗಿದ್ದರೆ ಹೇಳಿಬಿಡುತ್ತೇನೆ, ಅದು ಭಕ್ತಿಯಲ್ಲ. ಇನ್ನು "ರಾಯಲ್ಟಿ ಫ್ರೀ" ಎಂದರೆ ಪುಕ್ಕಟೆ ಎಂದೇ ತಿಳಿದಿದ್ದೆ. ಒಮ್ಮೆ ದುಡ್ಡು ಕೊಟ್ಟರೆ ಮತ್ತೆ ಮತ್ತೆ ಕೊಡಬೇಕಿಲ್ಲ ಎಂದಷ್ಟೇ ಅದರ ಅರ್ಥವಂತೆ. ಇದನ್ನು ತಿಳಿಸಿದವಳು ಹೈಸ್ಕೂಲಿನಲ್ಲಿ ಕಲಿಸುವ ನನ್ನ ಹೆಂಡತಿ.

"ಅಲ್ರಿ, ಒಂದು ಚಮಚ ಹೆಪ್ಪು ಬೇಕಂದ್ರೂ ಬಾಜೂ ಮನಿಗೆ ಹೋಗಿ ಕೇಳತೇವಿ. ನೀವು ಮಂದಿ ಮಾರಿ ಕೇಳದ ತರತೀರಲ್ಲ?"

ಹೆಪ್ಪಿನ ಮಾತು ತಲೆಯಲ್ಲಿ ಕೂತುಬಿಟ್ಟಿತು. ನೋಡಿದರೆ ನಮ್ಮವರಿಗೆ ಲೈಸೆನ್ಸ್ ಹೊಸದೇನಲ್ಲ. ಹೆಪ್ಪು ಕೊಟ್ಟದ್ದು ಹಾಲಿಗೆ ಹಾಕಲಿಕ್ಕೆ, ಅನ್ನಕ್ಕೆ ಕಲಸಿಕೊಳ್ಳಲಿಕ್ಕಲ್ಲ. ಅದನ್ನೂ ದೀಪ ಹಚ್ಚುವ ಮೊದಲೇ ಕೇಳಬೇಕು. ಹೊಲ ಹರಗಲಿಕ್ಕೆಂದು ಒಯ್ದ ಎತ್ತನ್ನು ಬಂಡಿಗೆ ಹೂಡಿದರೆ ಎರಡು ಮನೆತನಗಳು ಮಾತು ಬಿಡುತ್ತವೆ. ಇಷ್ಟೆಲ್ಲ ಒಂದು ಸಹಿಯೂ ಇಲ್ಲದೆ ಅಜ್ಜ ಮುತ್ತಜ್ಜರ ಕಾಲದಿಂದ ನಡೆದುಬಂದಿದೆ.

ಅಂತೂ ಮೊದಲ ಸಲ ದುಡ್ಡು ಕೊಟ್ಟು ಒಂದು ಫೋಟೊ ತಗೊಂಡೆ. ಹೊಸದಾಗಿ ತೆರೆದ ಹಲ್ಲಿನ ದವಾಖಾನೆಗೆ ಬ್ಯಾನರ್ ಬೇಕಿತ್ತು. ಫೋಟೊದಲ್ಲಿ ಒಬ್ಬ ಮುದುಕಿ ಜೋಳದ ರಾಶಿಯ ಪಕ್ಕ ನಿಂತು ಬಾಯಿತುಂಬ ನಗುತ್ತಿದ್ದಳು. ಹೆಸರಿರಲಿಲ್ಲ, "ಭಾರತದ ರೈತ ಮಹಿಳೆ" ಎಂದಷ್ಟೇ ಇತ್ತು. ನಾನು ಮೇಲೆ "ಹೊಸ ಹಲ್ಲು, ಹೊಸ ನಗು" ಎಂದು ಬರೆದೆ. ಲೈಸೆನ್ಸಿನ ಹಾಳೆಯನ್ನು ಮುದ್ರಿಸಿ ಗೋಡೆಗೂ ಅಂಟಿಸಿದೆ. ಸಾಚಾ ಮನುಷ್ಯನಾದ ಸಂಭ್ರಮ, ಏನು ಹೇಳಲಿ!

ನಾಲ್ಕನೆಯ ದಿನ ಫೋಟೊ ನಡೆದುಕೊಂಡು ಅಂಗಡಿಗೆ ಬಂತು.

ದೊಡವಾಡದ ನೀಲವ್ವ. ದವಾಖಾನೆಯವರು ನನ್ನ ಅಂಗಡಿ ತೋರಿಸಿ ಕಳಿಸಿದ್ದರು. ಅದೇ ಮುಖ, ಅದೇ ಹಲ್ಲು, ನಗು ಮಾತ್ರ ಇರಲಿಲ್ಲ. ನನ್ನ ಮಧ್ಯಾಹ್ನದ ಕನಸೇ ಮುಂದುವರಿದಿದೆ ಎಂದು ಒಂದು ಕ್ಷಣ ಅನಿಸಿತು.

"ಈ ಹಲ್ಲು ನನ್ನವ ಅದಾವ ತಮ್ಮಾ. ಯಾವ ಡಾಕ್ಟರೂ ಕಟ್ಟಿಲ್ಲ," ಎಂದವಳೇ ಉಡಿಯಿಂದ ಹುರಿದ ಕಡಲೆ ತೆಗೆದು ನನ್ನೆದುರೇ ಕಟಕಟ ಕಡಿದು ತೋರಿಸಿದಳು. "ಊರಾಗ ಹೆಂಗಸರು ನನ್ನ ಬಾಯಾಗ ಇಣಿಕಿ ನೋಡಾಕ ಹತ್ಯಾರ. ಎಪ್ಪತ್ತು ವರ್ಷ ಬೇವಿನಕಡ್ಡಿ ಹಾಕಿ ಕಾಯ್ದ ಹಲ್ಲಿಗೆ ಸುಳ್ಳ ಹಲ್ಲು ಅಂತಾರ. ಯಾರ್ನ ಕೇಳಿ ಹಾಕಿದಿ?"

ನಾನು ಗೋಡೆ ತೋರಿಸಿದೆ. "ಲೈಸೆನ್ಸ್ ತಗೊಂಡೇನ್ರಿ, ಅವ್ವಾ."

"ಯಾರ ಕಡಿಂದ? ನಾ ಅಂತೂ ಕೊಟ್ಟಿಲ್ಲ."

ಹಾಳೆಯ ಅಡಿಯ ಸಣ್ಣ ಅಕ್ಷರಗಳನ್ನು ಓದಿದ್ದು ಆಗಲೇ. ಸುದ್ದಿಗೆ, ಲೇಖನಕ್ಕೆ ಮಾತ್ರ, ಜಾಹೀರಾತಿಗೆ ಸಲ್ಲದು, ಚಿತ್ರದಲ್ಲಿರುವವರ ಒಪ್ಪಿಗೆಪತ್ರ ಇಲ್ಲ. ಫೋಟೊ ತೆಗೆದವನ ಅನುಮತಿಯೇ ಬೇರೆ, ಮುಖದ ಒಡತಿಯ ಅನುಮತಿಯೇ ಬೇರೆ. ಹರಗಲಿಕ್ಕೆ ಕೊಟ್ಟ ಎತ್ತನ್ನು ನಾನು ಬಂಡಿಗೆ ಹೂಡಿದ್ದೆ. ನಾಚಿಕೆಯಾಯಿತು. ದವಾಖಾನೆಗೆ ಫೋನ್ ಮಾಡಿ ಬ್ಯಾನರ್ ಇಳಿಸಲು ಹೇಳಿ, ತಪ್ಪಾಯಿತೆಂದು ಆಕೆಗೆ ಕೈಮುಗಿದೆ.

ನೀಲವ್ವ ಹೊರಡಲಿಲ್ಲ. ಕಂಪ್ಯೂಟರಿನಲ್ಲಿದ್ದ ತನ್ನನ್ನೇ ನೋಡುತ್ತ ನಿಂತಳು.

"ಯಾರೋ ಕ್ಯಾಮೆರಾ ಹಿಡಕೊಂಡು ಬಂದಿದ್ದ. ನಮ್ಮ ಮನಿಯವರು ಅವನ ಹಿಂದ ನಿಂತು, ತಮ್ಮದೂ ತಗೀತಾನಂತ ರುಮಾಲ ಸರಿ ಮಾಡ್ಕೊಳ್ಳಾಕ ಹತ್ತಿದ್ರು. ಅದನ್ನ ನೋಡಿ ನನಗ ನಗು ಬಂತು. ಅವ ಅವರದು ತಗೀಲೇ ಇಲ್ಲ. ಹ್ವಾದ ವರ್ಷ ತೀರಿಕೊಂಡ್ರು." ಪರದೆಯ ಹತ್ತಿರ ಬಾಗಿ ಕೇಳಿದಳು, "ಕಣ್ಣಾಗ ಎದುರಿನವರು ಕಾಣ್ತಾರಲ್ಲ? ದೊಡ್ಡದು ಮಾಡ್ತಿ ಏನು?"

ಮಾಡಿದೆ. ಒಂದು ಕಣ್ಣೇ ಪರದೆ ತುಂಬಿತು. ಇನ್ನೂ ದೊಡ್ಡದು ಮಾಡಿದಾಗ ಕರಿ, ಬೂದು, ಬಿಳಿ ಚೌಕಗಳ ಹೊರತು ನನಗೇನೂ ಕಾಣಲಿಲ್ಲ. ನೀಲವ್ವ ಒಂದು ಬಿಳಿ ಚೌಕದ ಮೇಲೆ ಬೆರಳಿಟ್ಟಳು.

"ಇದ ರುಮಾಲ."

ಅಲ್ಲ ಎನ್ನಲು ಮನಸ್ಸಾಗಲಿಲ್ಲ. ನೋಡುತ್ತ ನೋಡುತ್ತ ನನಗೂ ಅಲ್ಲೊಬ್ಬರು ತಲೆಯ ಮೇಲೆ ಕೈಯಿಟ್ಟು, ತಮ್ಮ ಪಾಳಿಗಾಗಿ ಕಾಯುತ್ತ ನಿಂತಂತೆ ಕಂಡಿತು.

"ಒಂದು ಪ್ರತಿ ತೆಗೆದು ಕಟ್ಟು ಹಾಕಿಸಿ ಕೊಡಲೇನ್ರಿ?"

"ಬ್ಯಾಡಪಾ. ಅದು ಅವರಿಗೆ ನಕ್ಕಿದ್ದು. ಗ್ವಾಡಿಗೆ ಹಾಕಿದ್ರ ಬಂದ ಬಂದವರಿಗೆಲ್ಲ ನಕ್ಕಂಗ ಆಕ್ಕೈತಿ."

"ಹಂಗಾರ ಅಳಿಸಿಬಿಡಲೇನ್ರಿ?"

ಆಕೆ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿಯುತ್ತ ಹೇಳಿದಳು, "ರೊಕ್ಕ ಕೊಟ್ಟೀಯಲ್ಲ, ಇಟ್ಕೊ. ಯಾರಿಗೂ ತೋರಸಬ್ಯಾಡ."

ನನಗೆ ಸಿಕ್ಕ ಲೈಸೆನ್ಸುಗಳಲ್ಲಿ ಸಣ್ಣ ಅಕ್ಷರಗಳೇ ಇಲ್ಲದ್ದು ಅದೊಂದೇ.