ಎರಡು ಸೂರಿನ ನಡುವಿನ ದೋಣಿ

ಹೆಂಚಿನ ಮನೆಯ ಸೂರಿನ ನೀರು ಹರಿಯುವ ದೋಣಿಯ ಕಸವನ್ನು ಯಾವಾಗ ಬಾಚಬೇಕು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರ ಸಿದ್ಧವಿದೆ. ಹೊಂಗೆ ಹೂವು ಉದುರಿ ಮುಗಿದಿರಬೇಕು, ಭರಣಿ ಮಳೆ ಇನ್ನೂ ಹುಯ್ದಿರಬಾರದು. ನಡುವೆ ಸಿಗುವುದು ಹೆಚ್ಚೆಂದರೆ ಒಂದು ವಾರ. ಎಲೆಯೇನೋ ಶಿವರಾತ್ರಿಯ ಹೊತ್ತಿಗೇ ಉದುರುತ್ತದೆ. ಆದರೆ ಯುಗಾದಿಗೆ ಸುಣ್ಣ ಹೊಡೆಯುವಾಗಲೇ ದೋಣಿಯನ್ನೂ ಮುಗಿಸಿಬಿಡೋಣ ಎಂದು ಅವಸರಪಟ್ಟವರು ಆಮೇಲೆ ಹೂವಿನ ಕೈಗೆ ಸಿಕ್ಕಿಬೀಳುತ್ತಾರೆ. ಒಣಗಿದ ಹೊಂಗೆ ಹೂವು ಕಡ್ಲೆಪುರಿಯಷ್ಟು ಹಗುರ, ನೆನೆದರೆ ಅಂಬಲಿ. ದೋಣಿ ಕಟ್ಟಿಕೊಂಡು ನೀರು ಒಳಕ್ಕೆ ಇಳಿಯುತ್ತದೆ. ಇದನ್ನೆಲ್ಲ ನಾನು ಕಲಿತದ್ದು ಮಾತು ಬಿಟ್ಟಿದ್ದ ಇಬ್ಬರು ಹೆಂಗಸರಿಂದ. ಒಬ್ಬಳು ನನ್ನಮ್ಮ, ಇನ್ನೊಬ್ಬರು ದೊಡ್ಡಮ್ಮ.

ನಮ್ಮೂರು ನಂಜನಗೂಡಿನಿಂದ ದೇವನೂರಿಗೆ ಹೋಗುವ ಬಸ್ಸಿನ ದಾರಿಯಲ್ಲಿದೆ. ನಾನು ಹುಟ್ಟುವುದಕ್ಕೆ ಮೊದಲೇ ಅಪ್ಪ ಮತ್ತು ದೊಡ್ಡಪ್ಪ ಭಾಗವಾಗಿದ್ದರು. ಇದ್ದ ಒಂದು ಮನೆಯ ನಟ್ಟನಡುವೆ ಮಣ್ಣಿನ ಗೋಡೆ ಎದ್ದಿತ್ತು. ಆ ಕಡೆ ಅವರ ಹೆಂಚು, ಈ ಕಡೆ ನಮ್ಮ ಹೆಂಚು. ಎರಡೂ ಇಳಿಜಾರು ಬಂದು ಸೇರುವ ಕಡೆ, ಗೋಡೆಯ ನೆತ್ತಿಯ ಉದ್ದಕ್ಕೂ ತಗಡಿನ ಒಂದು ಕಾಲುವೆ. ಅದನ್ನೇ ನಾವು ದೋಣಿ ಎನ್ನುತ್ತಿದ್ದುದು. ಹಿತ್ತಿಲ ಕಡೆ ಎತ್ತರ, ಬೀದಿಯ ಕಡೆ ತಗ್ಗು. ಹಿತ್ತಿಲ ಹೊಂಗೆ ಮರ ಅದರ ಮೇಲೇ ಬಾಗಿತ್ತು. ಎತ್ತು, ಹೊಲ, ತಾಮ್ರದ ಹಂಡೆ ಎಲ್ಲವನ್ನೂ ಪಾಲು ಮಾಡಿದ ಊರಿನ ಹಿರಿಯರಿಗೆ ದೋಣಿಯನ್ನು ಮಾತ್ರ ಪಾಲು ಮಾಡಲಾಗಲಿಲ್ಲ. ಅದು ಉಕ್ಕಿದರೆ ಗೋಡೆ ನೆನೆಯುತ್ತದೆ, ಗೋಡೆ ಬಿದ್ದರೆ ಎರಡು ಮನೆಯೂ ಬೀಳುತ್ತದೆ.

ಅಣ್ಣತಮ್ಮಂದಿರು ಚೆನ್ನಾಗಿಯೇ ಇದ್ದರು. ಒಂದೇ ಬಸ್ಸಿಗೆ ಸಂತೆಗೆ ಹೋಗಿ ಒಂದೇ ಬಸ್ಸಿಗೆ ಬರುತ್ತಿದ್ದರು. ಮಾತು ಬಿಟ್ಟಿದ್ದವರು ಓರಗಿತ್ತಿಯರು. ಅಮ್ಮನ ತವರು ತಿ. ನರಸೀಪುರ. ಭಾಗದ ದಿನ ಬಾವಿಯ ಹಗ್ಗದ ಮಾತು ಬಂದಾಗ ದೊಡ್ಡಮ್ಮ, ಎರಡು ಹೊಳೆ ಸೇರುವ ಊರಿನಿಂದ ಬಂದವಳಿಗೆ ಬಾವಿ ಸೇದುವ ಕಷ್ಟವೇನು ಗೊತ್ತು ಎಂದರಂತೆ. ದೊಡ್ಡಮ್ಮನನ್ನು ಕೇಳಿದರೆ ಅವರು ಹಾಗೆ ಅಂದೇ ಇರಲಿಲ್ಲ. ಅಂದವಳು ಅಮ್ಮ, ಅದೂ ಬೇರೆಯೇ ಏನನ್ನೋ. ಅಂದಿನಿಂದ ದೊಡ್ಡಮ್ಮನಿಗೆ ಹೇಳಬೇಕಾದ್ದನ್ನು ಅಮ್ಮ ಹಿತ್ತಿಲಲ್ಲಿ ನಿಂತು ಎಮ್ಮೆಗೆ ಹೇಳುತ್ತಿದ್ದಳು, ದೊಡ್ಡಮ್ಮ ತಮ್ಮ ಉತ್ತರವನ್ನು ಕೋಳಿಗಳಿಗೆ ಕೊಡುತ್ತಿದ್ದರು. ನಮ್ಮ ಎಮ್ಮೆಯಷ್ಟು ಮನೆವಾರ್ತೆ ಬಲ್ಲ ಎಮ್ಮೆ ಆ ತಾಲ್ಲೂಕಿನಲ್ಲಿ ಇನ್ನೊಂದು ಇದ್ದಿರಲಾರದು.

ದೋಣಿಯ ದಿನ ಮಾತ್ರ ಬೇರೆ. ಗಂಡಸರು ಹತ್ತಿದರೆ ಹೆಂಚು ಒಡೆಯುತ್ತದೆ ಎಂಬುದನ್ನು ಎರಡೂ ಮನೆಯವರು ಒಪ್ಪಿದ್ದರು, ಗಂಡಸರು ಎಲ್ಲರಿಗಿಂತ ಬೇಗ ಒಪ್ಪಿದ್ದರು. ಅಮ್ಮ ಸೀರೆ ಎತ್ತಿಕಟ್ಟಿ ಹಿತ್ತಿಲ ಏಣಿಯಿಂದ ಹತ್ತಿ, ಗೋಡೆಯ ನೆತ್ತಿಯ ಮೇಲೆ ಕುಕ್ಕರುಗಾಲಿನಲ್ಲಿ ಸಾಗುತ್ತಾ ಕಸವನ್ನು ಬೀದಿಯ ಕಡೆಗೆ ತಳ್ಳುತ್ತಿದ್ದಳು. ದೊಡ್ಡಮ್ಮ ಬೀದಿಯ ಕಡೆ ಇನ್ನೊಂದು ಏಣಿಯ ಮೇಲೆ ನಿಂತು, ದೋಣಿಯ ಬಾಯಿಗೆ ಬಂದದ್ದನ್ನು ಎಳೆದು ಮಂಕರಿಗೆ ತುಂಬುತ್ತಿದ್ದರು. ಕೊನೆಗೆ ನಾನು ಒಂದು ಬಿಂದಿಗೆ ನೀರು ಹತ್ತಿಸಿಕೊಡಬೇಕು, ಅಮ್ಮ ಅದನ್ನು ಎತ್ತರದ ತುದಿಯಲ್ಲಿ ಸುರಿಯಬೇಕು, ತಗ್ಗಿನ ತುದಿಯಲ್ಲಿ ದೊಡ್ಡಮ್ಮ ನೋಡಿ ಹೇಳಬೇಕು. ಮಾತಾಡದೆ ಮಾಡುವ ಕೆಲಸ ಅದಲ್ಲ.

"ಬಂತಾ ಅಕ್ಕ?"

"ಇನ್ನೂ ಇಲ್ಲ ಕನಮ್ಮಿ. ಇನ್ನೊಸಿ ಉಯ್ಯಿ."

ವರ್ಷದಲ್ಲಿ ಅವರಿಬ್ಬರ ಮೊದಲ ಮಾತು ಇದು. ಆಮೇಲೆ ಮಾತು ತಾನಾಗಿ ಹರಿಯುತ್ತಿತ್ತು. ದೋಣಿಯ ಕೆಲಸ ಮುಗಿಯುವವರೆಗೆ ಮಾತಾಡಬಹುದು ಎಂಬುದು ಯಾರೂ ಬಾಯಿಬಿಟ್ಟು ಹೇಳದ ಕಟ್ಟಳೆ. ಕೆಲಸ ಮುಗಿದದ್ದು ಕೈ ತೊಳೆದಾಗ. ಆದ್ದರಿಂದ ಅವರು ಕೈ ತೊಳೆಯುತ್ತಿರಲಿಲ್ಲ. ಎರಡು ಬಾಗಿಲುಗಳ ನಡುವಿನ ಚಪ್ಪಡಿಯ ಮೇಲೆ ಕುಳಿತು, ಮೊಣಕೈವರೆಗೆ ಕೆಸರು ಮೆತ್ತಿದ ಕೈಗಳನ್ನು ಮುಂದಕ್ಕೆ ಚಾಚಿಕೊಂಡು, ಒಂದು ವರ್ಷದ ಬಾಕಿಯನ್ನೆಲ್ಲ ಆಡುತ್ತಿದ್ದರು: ಹೆಮ್ಮರಗಾಲದ ನಾದಿನಿಯ ಹೆರಿಗೆ, ದೊಡ್ಡಮ್ಮನ ಮಂಡಿನೋವು, ಯಾರದೋ ಮನೆಯ ಸೊಸೆಯ ಬಾಯಿ. ಒಮ್ಮೆ ನಾನು ಉಪಕಾರವೆಂದುಕೊಂಡು ಚೊಂಬಿನಲ್ಲಿ ನೀರು ತಂದಿಟ್ಟೆ. ಅಮ್ಮ ಆ ಚೊಂಬನ್ನು ನೋಡಿದ ನೋಟಕ್ಕೆ ಅದನ್ನು ಹಾಗೇ ಒಳಗೆ ತೆಗೆದುಕೊಂಡು ಹೋದೆ. ಊಟದ ಹೊತ್ತಿಗೆ ದೊಡ್ಡಮ್ಮನ ಮಗಳೂ ನಾನೂ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅವರವರ ತಾಯಿಯ ಬಾಯಿಗೆ ಇಡುತ್ತಿದ್ದೆವು. ಅವರು ನುಂಗಿ ಮಾತು ಮುಂದುವರಿಸುತ್ತಿದ್ದರು. ದನ ಮನೆಗೆ ಬರುವ ಹೊತ್ತಿಗೆ ಕೆಸರು ಒಣಗಿ ಬಿರುಕು ಬಿಟ್ಟು ಉದುರುತ್ತಿತ್ತು. ಆಗ ಎದ್ದು, ಒಬ್ಬರ ಮುಖ ಒಬ್ಬರು ನೋಡದೆ ಕೈ ತೊಳೆದುಕೊಳ್ಳುತ್ತಿದ್ದರು. ಮಾರನೆಯ ಬೆಳಿಗ್ಗೆ ಅಮ್ಮ ಮತ್ತೆ ಎಮ್ಮೆಯ ಹತ್ತಿರ ನಿಂತಿರುತ್ತಿದ್ದಳು.

ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ ದೊಡ್ಡಪ್ಪ ತಮ್ಮ ಕಡೆಯ ಹೆಂಚನ್ನು ಇಳಿಸಿ ಮೋಲ್ಡ್ ಮನೆ ಕಟ್ಟುವುದೆಂದು ತೀರ್ಮಾನಿಸಿದರು. ತಾರಸಿಯ ನೀರು ಪೈಪಿನಲ್ಲಿ ನೇರ ಬೀದಿಗೆ ಇಳಿಯುತ್ತದೆ, ಇನ್ನು ಮುಂದೆ ಎರಡು ಮನೆ ಕೂಡಿ ದೋಣಿ ಬಾಚುವ ಗೋಳಿಲ್ಲ ಎಂದು ಅಪ್ಪನೇ ಸಂತೋಷವಾಗಿ ಸುದ್ದಿ ತಂದರು. ಅಮ್ಮ ಒಳ್ಳೆಯದಾಯಿತು ಎಂದಳು. ಆ ದಿನ ಸಾರಿಗೆ ಉಪ್ಪು ಹಾಕಿರಲಿಲ್ಲ.

ಮುಂದಿನ ಶನಿವಾರ ನಾನು ಊರಿಗೆ ಬಂದಾಗ ಅಮ್ಮ ಏಣಿಯನ್ನು ಹೊರಗೆ ತೆಗೆದಿಟ್ಟಿದ್ದಳು. ಸಂಕ್ರಾಂತಿ ಕಳೆದು ವಾರವಾಗಿರಲಿಲ್ಲ. ಹೊಂಗೆ ಮರ ಹಸಿರಾಗಿ ನಿಂತಿತ್ತು. ಒಂದು ಎಲೆಯೂ ಉದುರಿಲ್ಲವಲ್ಲ ಎಂದೆ. ನೀನು ಓದುವವಳು, ಹೋಗಿ ಓದಿಕೋ ಎಂದಳು. ಓದುವುದಕ್ಕೆ ಮುಂಚೆ ದೊಡ್ಡಮ್ಮನಿಗೆ ಹೇಳಿ ಬಾ ಎಂದೂ ಸೇರಿಸಿದಳು. ನಾನು ಹೋಗಿ ಹೇಳಿದಾಗ ದೊಡ್ಡಮ್ಮ ಯಾಕೆ ಎಂದು ಕೇಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಂಕರಿ ಹುಡುಕತೊಡಗಿದರು.

ಬೀದಿಯಲ್ಲಿ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ನೆರೆಯಾಕೆ ನಿಂತು ಮೇಲೆ ನೋಡಿದರು.

"ಎಲೇನೆ ಉದುರಿಲ್ವಲ್ಲ ಕನ್ರವ್ವ, ಅದೇನ್ ಬಾಚ್ತಿದ್ದೀರಿ?"

"ಓದ್ ವರ್ಸುದ್ ಕಸವ," ಎಂದರು ದೊಡ್ಡಮ್ಮ, ತಿರುಗಿಯೂ ನೋಡದೆ.

ಅಂದು ಮಂಕರಿಗೆ ಬಿದ್ದದ್ದು ಒಂದು ಕಾಗೆಯ ಗರಿ ಮತ್ತು ಒಂದು ಹಿಡಿ ಧೂಳು. ಕೈ ಕೊಳೆಯಾಗಲು ಅಷ್ಟು ಸಾಲದು. ಚಪ್ಪಡಿಯ ಮೇಲೆ ಕುಳಿತುಕೊಳ್ಳುವ ಮುಂಚೆ ಅಮ್ಮ ಎರಡೂ ಕೈಗಳನ್ನು ಮಂಕರಿಯೊಳಗೆ ಇಟ್ಟು ಚೆನ್ನಾಗಿ ಉಜ್ಜಿಕೊಂಡದ್ದನ್ನು ನಾನು ಕಂಡೆ. ದೊಡ್ಡಮ್ಮ ಕಾಣದವರಂತೆ ಇದ್ದರು. ಆಮೇಲೆ ಅವರೂ ಹಾಗೇ ಮಾಡಿದರು.

ಆ ವರ್ಷ ದೋಣಿಯನ್ನು ಮೂರು ಸಲ ಬಾಚಿದರು: ಸಂಕ್ರಾಂತಿಯ ಮೇಲೆ, ಶಿವರಾತ್ರಿಯ ಮೇಲೆ, ಯುಗಾದಿಯ ಮೇಲೆ. ಮೂರು ಸಲವೂ ಸಂಜೆಯವರೆಗೆ ಮಾತಾಡಿದರು. ಕಟ್ಟಲಿರುವ ಮನೆಯ ಸುದ್ದಿಯನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಮೂರನೆಯ ಸಲ, ಎದ್ದು ಕೈ ತೊಳೆಯುವಾಗ, ಇನ್ನು ಮೇಲೆ ಕೂಡಿ ಮಾಡುವ ಈ ಕೆಲಸ ಇಲ್ಲವಲ್ಲ ಎಂದು ಅಮ್ಮ ನೀರಿಗೆ ಹೇಳುವಂತೆ ಹೇಳಿದಳು. ದೊಡ್ಡಮ್ಮ ಹೂಂ ಎಂದರು. ಅವರ ಕೈ ಆಗಲೇ ಒದ್ದೆಯಾಗಿತ್ತು. ಅದಕ್ಕಿಂತ ಹೆಚ್ಚು ಹೇಳಲು ಕಟ್ಟಳೆ ಬಿಡುತ್ತಿರಲಿಲ್ಲ.

ಆ ಬೇಸಿಗೆಯಲ್ಲೇ ಆ ಕಡೆಯ ಹೆಂಚು ಇಳಿಯಿತು. ನಡುಗೋಡೆಯನ್ನು ಹಾಗೇ ಉಳಿಸಿ, ದೋಣಿಯ ತಗಡನ್ನು ನಮ್ಮ ಸೂರಿನ ನೀರಿಗೆ ಬಿಟ್ಟುಕೊಟ್ಟು, ಅವರು ತಮ್ಮ ಗೋಡೆಯನ್ನು ಬೇರೆಯಾಗಿ ಎಬ್ಬಿಸಿಕೊಂಡರು. ದಸರಾ ರಜೆಗೆ ನಾನು ಬಂದಾಗ ಮೋಲ್ಡ್ ಆಗಿ, ತಾರಸಿಗೆ ಗಾರೆ ಹಾಕುವ ಕೆಲಸ ನಡೆದಿತ್ತು. ತಾರಸಿಯ ಇಳಿಜಾರು, ಅಂದರೆ ನೀರಿನ ವಾಟ, ಯಾವ ಕಡೆಗಿರಬೇಕು ಎಂದು ಮೇಸ್ತ್ರಿ ದೊಡ್ಡಮ್ಮನನ್ನು ಕೇಳಿದ. ಕೇಳಿದ ಮೇಲೆ ತಾನೇ, ಬೀದಿಯ ಕಡೆಗೇ ಸರಿ, ಪಕ್ಕದವರ ಮೇಲೆ ಬಿಟ್ಟರೆ ನಾಳೆ ಜಗಳ ಎಂದೂ ಹೇಳಿದ. ಅಮ್ಮ ನಮ್ಮ ಹಿತ್ತಿಲಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಬೆಳಗಿನಿಂದ ಅದು ನಾಲ್ಕನೆಯ ಸಲ, ಎಮ್ಮೆ ತಿನ್ನುವುದನ್ನು ನಿಲ್ಲಿಸಿ ಬಹಳ ಹೊತ್ತಾಗಿತ್ತು.

ದೊಡ್ಡಮ್ಮ ತಾರಸಿಯ ಅಂಚಿಗೆ ಬಂದು ನಿಂತರು. ಆಗ ತಾನೇ ಮಿಂದು ಬಂದಿದ್ದರು. ಕೈಯಲ್ಲಿ ಒಂದು ಚೂರು ಮಣ್ಣಿರಲಿಲ್ಲ.

"ಅಮ್ಮಿ," ಎಂದರು, "ನೀರ ಎತ್ಲಾಗ್ ಬುಡ್ಸಾನ ಏಳು."

ಮೊದಲು ತಲೆಯೆತ್ತಿದ್ದು ಎಮ್ಮೆ. ಅಮ್ಮ ಹುಲ್ಲನ್ನು ಕೆಳಗಿಟ್ಟಳು, ಸೆರಗು ಸರಿಮಾಡಿಕೊಂಡಳು. ನಾನು ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದವಳು ಅಲ್ಲಾಡಲಿಲ್ಲ.

"ನಮ್ ಕಡೀಕೇ ಬುಡ್ಸಿ ಅಕ್ಕ. ತಗಡು ಎಂಗೂ ಅದೆ."

ಸೂರಿನ ನೀರಿಗಾಗಿ ಕೋರ್ಟಿಗೆ ಅಲೆದವರನ್ನು ಮೇಸ್ತ್ರಿ ಕಂಡಿದ್ದಿರಬೇಕು, ಆ ನೀರನ್ನು ಕೇಳಿ ತಮ್ಮ ಕಡೆಗೇ ಬಿಡಿಸಿಕೊಂಡವರನ್ನು ಕಂಡಿರಲಿಲ್ಲ. ಅಮ್ಮನನ್ನು ಇನ್ನೊಂದು ಸಲ ಕೇಳಿದ. ಆಮೇಲೆ ತನ್ನನ್ನು ಬಯ್ಯಬಾರದು ಎಂದ.

"ನಿನ್ನ ಯಾಕ್ ಬಯ್ಯಾನ," ಎಂದರು ದೊಡ್ಡಮ್ಮ. "ನಾವ್ ನಾವೇ ಬಯ್ಕತೀವಿ."

ಹಾಗೆ ಎರಡು ಮನೆಯ ನೀರು ಮೊದಲಿನಂತೆ ಒಂದೇ ತಗಡಿಗೆ ಬೀಳತೊಡಗಿತು. ಮರುವರ್ಷದ ಮಳೆಗಾಲದಲ್ಲಿ ತಗಡಿಗೆ ಇಳಿಯುವ ಪೈಪಿನ ಬಾಯಿ ಕಟ್ಟಿದೆಯೇನೋ ನೋಡುತ್ತೇನೆ ಎಂದು ಅಮ್ಮ ಅವರ ತಾರಸಿ ಹತ್ತಿದ್ದು, ನಾನು ಊರಿನಲ್ಲಿದ್ದ ದಿನಗಳಲ್ಲೇ ಐದು ಸಲ. ಎಲೆ ಸಿಕ್ಕಿದ್ದು ಒಂದು ಸಲ. ತಾರಸಿಯ ನೀರೂ ಸೇರಿ ತಗಡಿಗೆ ಹೆಚ್ಚಾಗಿ, ನಮ್ಮ ಅಡುಗೆಮನೆಯ ಗೋಡೆ ಆಳುದ್ದ ನೆನೆಯಿತು. ಅಪ್ಪ ಗೋಡೆಗೆ ಅಂಗೈ ಇಟ್ಟು ನೋಡಿ, ಆ ನೀರನ್ನು ಈ ಕಡೆ ಬಿಡಲು ಒಪ್ಪಿದವರು ಯಾರು ಎಂದು ಕೇಳಿದರು. ಅಮ್ಮ ಒಲೆಯ ಮುಂದಿನಿಂದ ಎದ್ದಳು.

"ಇರಿ, ಅಕ್ಕನ್ನೇ ಕೇಳ್ಕಂಡು ಬತ್ತೀನಿ," ಎಂದು ಹೊರಟವಳು ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ಅನ್ನದ ಪಾತ್ರೆಯನ್ನು ಅಪ್ಪನೇ ಇಳಿಸಿದರು.